ಮೈಸೂರು ಸಂಸ್ಥಾನದ ಯೆಹೂದಿ ವಾಸ್ತುಶಿಲ್ಪಿ

ಕೊಪ್ಪ, ನರಸಿಂಹರಾಜಪುರ ಮತ್ತು ಶೃಂಗೇರಿ ಸೀಮೆಗಳು ಮೈಸೂರು ಸಂಸ್ಥಾನಕ್ಕೆ ಒಳಪಟ್ಟಿದ್ದ ಕಾಲದಲ್ಲಿ, ಆ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯ ಪದವಿಯನ್ನು ವಹಿಸಿದ್ದವರು ಸ್ವದೇಶದಲ್ಲಿ ನೆಲೆ ತಪ್ಪಿದ ಯೆಹೂದಿ ಮಹನೀಯರೊಬ್ಬರೆಂಬ ಸಂಗತಿಯು ಮಲೆನಾಡಿನಲ್ಲಿ ಅನೇಕರಿಗೆ ತಿಳಿಯದು. ಅವರೇ ಒಟ್ಟೊ ಕ್ಯೋನಿಗ್ಸ್‌ಬರ್ಗರ್.

1908ರಲ್ಲಿ ಬರ್ಲಿನ್ ನಗರದಲ್ಲಿ ಜನಿಸಿದ ಇವರು ಅಲ್ಲಿಯೇ ವಾಸ್ತುವಿದ್ಯೆಯನ್ನು ಕಲಿತು, 1933ರಲ್ಲಿ ಷಿಂಕೆಲ್ ಪಾರಿತೋಷಕವನ್ನು ಪಡೆದರು. ಅದೇ ವರ್ಷ ಹಿಟ್ಲರನು ಅಧಿಕಾರಕ್ಕೆ ಬರಲು, ಯೆಹೂದಿ ಕುಲದವರೆಂಬ ಕಾರಣದಿಂದ ಇವರ ಸರಕಾರೀ ಉದ್ಯೋಗವು ಹೋಯಿತು. ಈಜಿಪ್ತ ದೇಶವನ್ನು ಸೇರಿ, ಪ್ರಾಚೀನ ಕಟ್ಟಡಗಳ ಸಂಶೋಧನೆಯಲ್ಲಿ ಕೆಲವು ವರ್ಷ ಕಳೆದರು. 1939ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮೈಸೂರಿನ ಸೇವೆಗೆ ಬಂದರು.

ದಿವಾನರಿಗೆ ಗುಮ್ಮಟ, ಕಮಾನು ಮೊದಲಾದ ಅಲಂಕಾರಗಳಲ್ಲಿ ಒಲವು. ಶಿಲ್ಪಿಗೆ ಆಡಂಬರವಿಲ್ಲದ ಹೊಸ ರೀತಿಯಲ್ಲಿ ಶ್ರದ್ಧೆ. ಈ ಎರಡರ ನಡುವೆ ಕೆಲಸ ಸಾಗಬೇಕಾಯಿತು. ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದ ವಿಮಾನಶಾಸ್ತ್ರ ವಿಭಾಗದ ಕಟ್ಟಡವೂ ಭೋಜನಶಾಲೆಯೂ, ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವೂ ಇವರ ಕೈಯಿಂದ ಮೂಡಿದವು. ಬಿಸಿಲು ಯಾವ ದಿಕ್ಕಿನಿಂದ ಬೀಳುವುದು, ಗಾಳಿ ಯಾವ ಕಡೆಯಿಂದ ಬೀಸುವುದು ಎಂಬುದನ್ನು ವಿಚಾರಿಸಿ ಕಟ್ಟಡದ ಮುಖವನ್ನು ನಿಶ್ಚಯಿಸುವುದು ಇವರ ಪದ್ಧತಿಯಾಗಿತ್ತು. ಇಳಿಜಾರು ಹೆಂಚಿನ ಮಾಡು, ಚಾಚಿದ ಸೂರು, ನಡುವೆ ತೆರೆದ ಅಂಗಳಗಳಿಂದ ಮಳೆಗಾಲವನ್ನು ಎದುರಿಸುವ ಮಲೆನಾಡಿನವರಿಗೆ ಈ ವಿವೇಕವು ಹೊಸದಲ್ಲ. ಅದನ್ನು ಶಾಸ್ತ್ರವಾಗಿ ಬೆಳೆಸಿದುದೇ ಇವರ ಸಾಧನೆ.

1948ರಲ್ಲಿ ಇವರು ಭಾರತ ಸರಕಾರದ ವಸತಿ ನಿರ್ದೇಶಕರಾದರು. ಅಲ್ಲಿಂದ ಇವರ ಕಾರ್ಯವು ರಾಜಕಾರಣದೊಡನೆ ಬೆರೆಯಿತು. ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡ ಲಕ್ಷಾಂತರ ಜನರಿಗೆ ಸೂರು ಒದಗಿಸುವ ಭಾರವು, ಒಮ್ಮೆ ತಾನೇ ನಿರಾಶ್ರಿತನಾಗಿದ್ದವನ ಮೇಲೆ ಬಿದ್ದಿತು. ಫರೀದಾಬಾದ್, ನೀಲೋಖೇರಿ ಮುಂತಾದ ನಿರಾಶ್ರಿತರ ಪಟ್ಟಣಗಳ ಕಾರ್ಯದಲ್ಲಿ ಇವರು ಪಾಲುಗೊಂಡರು. ಒರಿಸ್ಸಾದ ಹೊಸ ರಾಜಧಾನಿಯಾದ ಭುವನೇಶ್ವರಕ್ಕೂ ನಕ್ಷೆಯನ್ನು ರಚಿಸಿದರು. ಆದರೆ ಮನೆಯ ಭಾಗಗಳನ್ನು ಮೊದಲೇ ಎರಕಹೊಯ್ದು ತಯಾರಿಸಲು ದಿಲ್ಲಿಯಲ್ಲಿ ಸ್ಥಾಪಿಸಿದ ಸರಕಾರದ ಕಾರ್ಖಾನೆಯು ಫಲಿಸಲಿಲ್ಲ. ಅದು ತೀವ್ರ ಟೀಕೆಗೆ ಗುರಿಯಾಯಿತು. 1951ರಲ್ಲಿ ಇವರು ಭಾರತವನ್ನು ಬಿಟ್ಟು ಲಂಡನ್ನಿಗೆ ತೆರಳಿದರು.

ಆ ಸೋಲು ವ್ಯರ್ಥವಾಗಲಿಲ್ಲ. ಉಷ್ಣದೇಶಗಳ ವಾಸ್ತುವಿದ್ಯೆಯನ್ನು ಲಂಡನ್ನಿನಲ್ಲಿ ಬೋಧಿಸುತ್ತ, ಅನೇಕ ದೇಶಗಳ ಶಿಷ್ಯರನ್ನು ಇವರು ಸಿದ್ಧಗೊಳಿಸಿದರು. ದೀರ್ಘಕಾಲ ಹಿಡಿಯುವ ನಕ್ಷೆಗಿಂತ ಜನರ ಇಂದಿನ ಕಷ್ಟಕ್ಕೆ ಒದಗುವ ಯೋಜನೆಯೇ ಮೇಲೆಂಬುದು ಇವರ ಪ್ರೌಢ ಮತವಾಯಿತು. 1999ರಲ್ಲಿ ಇವರು ಕಾಲವಾದರು. ಮನೆ ಕಳೆದುಕೊಂಡು ಬಂದವನಿಗೆ ಮೈಸೂರು ಕೊಟ್ಟ ಆಶ್ರಯವು ಹೀಗೆ ಲೋಕಕ್ಕೇ ಸಂದಿತು.