ದೀರ್ಘಕಾಲದ ನೋವು: ಇಳಿವಯಸ್ಸಿನಲ್ಲಿ ಲಿಂಗಭೇದ

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಇಳಿವಯಸ್ಸಿನಲ್ಲಿ ಇದು ಪುರುಷರಿಗಿಂತ ಮಹಿಳೆಯರನ್ನು ಹೆಚ್ಚಾಗಿ ಕಾಡುತ್ತದೆ. 2017–18ರಲ್ಲಿ 72,000ಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿದ ಭಾರತದ ಲಾಸಿ (ವೃದ್ಧಾಪ್ಯ ಕುರಿತ ದೀರ್ಘಾವಧಿ ಅಧ್ಯಯನ) ಸಮೀಕ್ಷೆಯೂ ಇದನ್ನೇ ತೋರಿಸಿದೆ.

ಕಾರಣಗಳು: ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಮೂಳೆ ಟೊಳ್ಳಾಗಬಹುದು, ಬೆನ್ನೆಲುಬು ಕುಸಿದು ನೋವು ನೆಲೆಯೂರಬಹುದು. ಮೊಣಕಾಲಿನ ಕೀಲುಸವೆತ, ಫೈಬ್ರೊಮಯಾಲ್ಜಿಯಾ (ಮೈಯೆಲ್ಲ ನೋಯುವ ಕಾಯಿಲೆ) ಕೂಡ ಮಹಿಳೆಯರಲ್ಲೇ ಹೆಚ್ಚು. ಆದರೆ ಗೌಟ್ (ಯೂರಿಕ್ ಆಮ್ಲದಿಂದ ಬರುವ ಕೀಲುನೋವು) ಪುರುಷರಲ್ಲಿ ಅಧಿಕ. ದೇಹದ ಜೊತೆಗೆ ಮಹಿಳೆಯರ ದುಡಿಮೆಯ ಪಾಲೂ ಇದೆ: ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವುದು, ನೀರಿನ ಕೊಡ ಹೊರುವುದು ಮಂಡಿ, ಸೊಂಟಗಳ ಮೇಲೆ ಭಾರ ಹಾಕುತ್ತವೆ.

ಗುರುತಿಸುವಿಕೆ: ಮಹಿಳೆಯರ ನೋವನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕುವುದುಂಟು, ಪುರುಷರು ನೋವು ಹೇಳಿಕೊಳ್ಳಲು ಹಿಂಜರಿಯುವುದುಂಟು. ಎರಡರಿಂದಲೂ ಚಿಕಿತ್ಸೆ ತಡವಾಗುತ್ತದೆ. ಮರೆವಿನ ಕಾಯಿಲೆ ಇರುವವರಲ್ಲಿ ನೋವನ್ನು ಅರಿಯಲು ಮುಖಭಾವ, ನಡಿಗೆ, ನಿದ್ದೆಗಳನ್ನು ಗಮನಿಸಬೇಕು.

ನಿರ್ವಹಣೆ: ನಿಯಮಿತ ವ್ಯಾಯಾಮ, ಫಿಸಿಯೋಥೆರಪಿ, ತೂಕ ನಿಯಂತ್ರಣ ಮುಖ್ಯ. ನೋವಿನ ಮಾತ್ರೆಗಳ ಅತಿಬಳಕೆ ಮೂತ್ರಪಿಂಡ, ಜಠರಗಳಿಗೆ ಹಾನಿಕರ. ವೈದ್ಯರ ಸಲಹೆ ಅಗತ್ಯ. ನೋವು ಮುಪ್ಪಿನ ಅನಿವಾರ್ಯ ಪಾಲಲ್ಲ. ಹೆಣ್ಣಾಗಲಿ ಗಂಡಾಗಲಿ, ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬ ಹಿರಿಯರ ಹಕ್ಕು.