ಅಗಲದ ಆಸೆ, ಬೆಳಕಿನ ಬಡತನ

ಎರಡು ವರ್ಷದ ಹಿಂದೆ ಹೊನ್ನಾವರದ ಕಡೆಯ ಒಂದು ಊರಿನಲ್ಲಿ ರಾತ್ರಿಯಿಡೀ ಕೂತು ಒಂದು ಬಯಲಾಟವನ್ನು ವಿಡಿಯೊ ಮಾಡಿಕೊಂಡೆ. ಯಕ್ಷಗಾನದ ಭಾಗವತರು ವೇಷಧಾರಿಯ ಕಾಲನ್ನು ನೋಡುತ್ತಾ ಲಯವನ್ನು ಹೇಗೆ ಹಿಗ್ಗಿಸುತ್ತಾರೆ, ಹೇಗೆ ಬಿಗಿ ಮಾಡುತ್ತಾರೆ ಎನ್ನುವುದು ನನ್ನ ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯ. ಕ್ಯಾಮೆರಾ ಗೆಳೆಯನದು, ಜೊತೆಗೆ ಎರಡು ಲೆನ್ಸು. ಒಂದು, ಕ್ಯಾಮೆರಾ ಕೊಳ್ಳುವಾಗಲೇ ಬರುವ 18–55 ಮಿ.ಮೀ. ಲೆನ್ಸು. ಅದರಲ್ಲಿ ರಂಗಸ್ಥಳವೇನೋ ಪೂರ್ತಿ ಸಿಗುತ್ತಿತ್ತು, ಆದರೆ ಚಿತ್ರದ ತುಂಬ ಕಪ್ಪು ರವೆ ಉದುರಿಸಿದ ಹಾಗೆ ಕಾಣುತ್ತಿತ್ತು. ಇನ್ನೊಂದು 50 ಮಿ.ಮೀ., ಎಫ್/1.8. ಅದನ್ನು ಹಾಕಿದ ತಕ್ಷಣ ಕರ್ಣನ ಮುಖದ ಬಣ್ಣ, ಬೆವರು, ಕಣ್ಣಂಚಿನ ಕೆಂಪು ಎಲ್ಲವೂ ಜೀವ ತಳೆದವು. ಆದರೆ ಚೌಕಟ್ಟಿನಲ್ಲಿ ಕರ್ಣ ಒಬ್ಬನೇ. ನಾನು ಚಂದಕ್ಕೆ ಸೋತು ಬೆಳಗಿನವರೆಗೆ ಅದನ್ನೇ ಬಳಸಿದೆ.

ಊರಿಗೆ ಬಂದು ನೋಡಿದರೆ ಭಾಗವತರು ಬರೀ ಧ್ವನಿಯಾಗಿ ಉಳಿದಿದ್ದರು. ಆ ತಿರುಗಾಟ ಮುಗಿದ ಮೇಲೆ ಅವರು ಮೇಳ ಬಿಟ್ಟರು, ವಯಸ್ಸಾಗಿತ್ತು. ಲ್ಯಾಪ್‌ಟಾಪ್ ಹಿಡಿದುಕೊಂಡು ಅವರ ಮನೆಗೆ ಹೋಗಿ ಅದೇ ವಿಡಿಯೊ ತೋರಿಸಿದೆ. ಒಂದು ಪದ್ಯದ ಬಿಡ್ತಿಗೆ ಬಂದಾಗ ಅವರು ಬೆರಳೆತ್ತಿ, "ಇಲ್ಲಿ ನಾ ಕಾಲು ನೋಡಿದ್ದಲ್ಲ ತಮಾ, ಚಂಡೆಯವನ ಕೈ ನೋಡಿದ್ದು" ಅಂದರು. ಅವರು ಎತ್ತ ನೋಡುತ್ತಿದ್ದರು ಎಂದು ಹೇಳಲು ನನ್ನ ವಿಡಿಯೊದಲ್ಲಿ ಅವರೂ ಇರಲಿಲ್ಲ, ಚಂಡೆಯವರೂ ಇರಲಿಲ್ಲ. ಅಧ್ಯಾಯದ ಅರ್ಧ ಅಲ್ಲಿಗೆ ಕುಸಿಯಿತು.

ಮುಂದಿನ ತಿರುಗಾಟದ ಹೊತ್ತಿಗೆ ಬಾಡಿಗೆಗೆ ಲೆನ್ಸು ಕೇಳಲು ಹೋದಾಗ ಅಂಗಡಿಯ ಹುಡುಗ, "ಅಗಲ ಬೇಕಾ ಸಾರ್, ಬೆಳಕು ಬೇಕಾ?" ಎಂದು ಕೇಳಿದ. ಎರಡೂ ಬೇಕು ಎಂದೆ. ನಕ್ಕ. ಆ ನಗು ಬಹಳ ಹಳೆಯದು ಎಂದು ಆಮೇಲೆ ಓದುತ್ತಾ ಹೋದಂತೆ ತಿಳಿಯಿತು.

ಅಗಲದ ಕಥೆ ಬೆಳಕಿನ ಕಥೆಗಿಂತ ಮೊದಲು ಶುರುವಾಗುತ್ತದೆ. 1900ರಲ್ಲಿ ಜರ್ಮನಿಯ ಗೋರ್ಟ್ಸ್ ಕಂಪನಿಗಾಗಿ ಎಮಿಲ್ ಫಾನ್ ಹೋಗ್ ಎಂಬಾತ ಹೈಪರ್ಗಾನ್ ಎಂಬ ಲೆನ್ಸು ರೂಪಿಸಿದ. ಗುಳ್ಳೆಯ ಚೂರುಗಳಂತಹ ಎರಡೇ ಎರಡು ತೆಳು ಗಾಜು, ಆದರೆ ಅದು ಕಾಣುತ್ತಿದ್ದದ್ದು ಸುಮಾರು 135 ಡಿಗ್ರಿ ಅಗಲ. ಇಂದಿಗೂ ಅದು ಬೆರಗಿನ ಸಂಖ್ಯೆಯೇ. ತೊಂದರೆ ಏನೆಂದರೆ ಅದರ ಅಪರ್ಚರ್ ಎಫ್/22. ಈ ಎಫ್ ಸಂಖ್ಯೆ ಎರಡು ಪಟ್ಟು ಹೆಚ್ಚಿದರೆ ಒಳಬರುವ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಫ್/22 ಎಂದರೆ ಸೂಜಿಕಣ್ಣು. ಅದು ಸಾಲದು ಎಂಬಂತೆ, ಓರೆಯಾಗಿ ಬರುವ ಬೆಳಕು ಅಂಚಿಗೆ ತಲುಪುವಾಗ ಇನ್ನೂ ಸೊರಗುತ್ತದೆ. ಸಾಮಾನ್ಯ ಲೆಕ್ಕದಲ್ಲಿ, 45 ಡಿಗ್ರಿ ಓರೆಯಲ್ಲಿ ಮಧ್ಯದ ಬೆಳಕಿನ ಕಾಲು ಭಾಗ ಮಾತ್ರ ಉಳಿಯುತ್ತದೆ. ಇದಕ್ಕೆ ಗೋರ್ಟ್ಸ್‌ನವರು ಹುಡುಕಿದ ಉಪಾಯ ನನಗೆ ಬಹಳ ಇಷ್ಟ. ಲೆನ್ಸಿನ ಎದುರು ನಕ್ಷತ್ರದ ಆಕಾರದ ಒಂದು ಪುಟ್ಟ ಚಕ್ರ, ರಬ್ಬರ್ ಬುಗ್ಗೆ ಒತ್ತಿ ಗಾಳಿ ಊದಿದರೆ ಅದು ಗಿರಗಿರನೆ ತಿರುಗುತ್ತಾ ಮಧ್ಯದ ಬೆಳಕನ್ನು ತಡೆಯುತ್ತದೆ. ಅಂಚಿಗೆ ಸಾಕಷ್ಟು ಬೆಳಕು ಸಿಗುವವರೆಗೆ ಮಧ್ಯವನ್ನು ಹಸಿದಿಡುವುದು! ಕಟ್ಟಡಗಳಿಗೆ ಸರಿ, ಅವು ಅಲುಗಾಡುವುದಿಲ್ಲ. ಕುಣಿಯುವವರಿಗಲ್ಲ.

ಬೆಳಕಿನ ಕಡೆಯ ಕಥೆ ಡ್ರೆಸ್ಡೆನ್‌ನಲ್ಲಿ ನಡೆಯಿತು. ಅಲ್ಲಿನ ಎರ್ನೆಮಾನ್ ಕಂಪನಿಯಲ್ಲಿದ್ದ ಲುಡ್ವಿಗ್ ಬೆರ್ಟೆಲೆ ಹುಟ್ಟಿದ್ದು 1900ರಲ್ಲಿ, ಹೈಪರ್ಗಾನ್ ಬಂದ ವರ್ಷವೇ. ಇನ್ನೂ ಇಪ್ಪತ್ತರ ಹರೆಯದಲ್ಲಿ ಅವನು ಎರ್ನೋಸ್ಟಾರ್ ಎಂಬ ಎಫ್/2 ಲೆನ್ಸು ರೂಪಿಸಿದ. 1924ರ ಎರ್ಮನಾಕ್ಸ್ ಕ್ಯಾಮೆರಾಕ್ಕೆ ಅದನ್ನೇ ಕೂರಿಸಿದರು. ಪುಟ್ಟ ಡಬ್ಬಿಯ ಮುಂದೆ ದೊಡ್ಡ ಗಾಜಿನ ಕೊಳವೆ. ಕ್ಯಾಮೆರಾ ಲೆನ್ಸಿಗೆ ನೇತು ಬಿದ್ದ ಹಾಗೆ ಕಾಣುತ್ತದೆ.

ಆ ಕ್ಯಾಮೆರಾ ಹಿಡಿದು ಹೆಸರಾದವನು ಬರ್ಲಿನ್‌ನ ಎರಿಕ್ ಸಾಲೊಮೊನ್. ಕಾನೂನಿನಲ್ಲಿ ಡಾಕ್ಟರೇಟ್ ಪಡೆದವನು, ಫೋಟೋಗ್ರಫಿಗೆ ಬಂದದ್ದು ನಲವತ್ತು ದಾಟಿದ ಮೇಲೆ. 1928ರಲ್ಲಿ ನ್ಯಾಯಾಲಯದ ವಿಚಾರಣೆಗಳನ್ನು ಕದ್ದು ತೆಗೆದ. ಟೋಪಿಗೆ ತೂತು ಕೊರೆದು ಕ್ಯಾಮೆರಾ ಅಡಗಿಸಿದ್ದ ಎಂಬುದು ಎಲ್ಲರೂ ಹೇಳುವ ಕಥೆ. ಆಮೇಲೆ ಯುರೋಪಿನ ರಾಜತಾಂತ್ರಿಕ ಸಭೆಗಳು. ನಡುರಾತ್ರಿಯ ಮಾತುಕತೆ, ಸಿಗಾರ್ ಹೊಗೆ, ಕುರ್ಚಿಯಲ್ಲೇ ತೂಕಡಿಸುವ ಮಂತ್ರಿಗಳು, ಕೋಣೆಯಲ್ಲಿ ಉರಿಯುವ ದೀಪದ ಬೆಳಕಷ್ಟೇ. ಅಲ್ಲಿಯವರೆಗೆ ಇಂತಹ ಕಡೆ ಮೆಗ್ನೀಷಿಯಂ ಪುಡಿ ಸಿಡಿಸಿ ಫೋಟೋ ತೆಗೆಯುತ್ತಿದ್ದರು. ಸಿಡಿದ ಕ್ಷಣಕ್ಕೆ ಎಲ್ಲರೂ ಮುಖ ಸರಿ ಮಾಡಿಕೊಂಡಿರುತ್ತಿದ್ದರು. ಸಾಲೊಮೊನ್‌ನ ಚಿತ್ರಗಳಲ್ಲಿ ಯಾರೂ ಕ್ಯಾಮೆರಾ ನೋಡುತ್ತಿಲ್ಲ. ನಡೆಯುತ್ತಿರುವ ಪ್ರಸಂಗವನ್ನು ಕೆಡಿಸದೆ ದಾಖಲಿಸುವುದು ಎಂಬ ಇಂದಿನ ನಮ್ಮ ಹುಚ್ಚಿಗೆ ಅವನೇ ಹಿರಿಯ. ಯಹೂದಿಯಾಗಿದ್ದ ಅವನನ್ನು, ಅವನ ಹೆಂಡತಿ ಮತ್ತು ಒಬ್ಬ ಮಗನನ್ನು ನಾಜಿಗಳು 1944ರಲ್ಲಿ ಆಶ್‌ವಿಟ್ಜ್‌ನಲ್ಲಿ ಕೊಂದರು.

ಆದರೆ ಆ 100 ಮಿ.ಮೀ. ಲೆನ್ಸು ಅವನ ಗಾಜಿನ ಫಲಕದ ಮೇಲೆ ಕಂಡದ್ದು ಸುಮಾರು 40 ಡಿಗ್ರಿಯಷ್ಟೇ. ಫೋಕಸ್ ಆದ ಪದರವೂ ತೀರಾ ತೆಳು. ಮೇಜಿನ ಸುತ್ತ ಕೂತವರಲ್ಲಿ ಯಾರು ಸ್ಪಷ್ಟವಾಗಿರಬೇಕು ಎಂದು ಅವನು ಪ್ರತಿ ಸಲವೂ ಆರಿಸಬೇಕಿತ್ತು. ಕರ್ಣನನ್ನು ಆರಿಸಿದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು ಬೆರ್ಟೆಲೆ. ಅವನು 1932ರಲ್ಲಿ ಕಾಂಟ್ಯಾಕ್ಸ್ ಕ್ಯಾಮೆರಾಕ್ಕೆ ಎಫ್/1.5ರ ಸೋನಾರ್ ಮಾಡಿದ. ಕತ್ತಲಿಗೆ ಅಂದಿನ ಮಟ್ಟಿಗೆ ಅದಕ್ಕಿಂತ ಒಳ್ಳೆಯದಿರಲಿಲ್ಲ ಎನ್ನಬಹುದು. 1950ರ ದಶಕದಲ್ಲಿ ಅವನದೇ ಬಯೋಗಾನ್ ಬಂತು. 21 ಮಿ.ಮೀ., 90 ಡಿಗ್ರಿ ಅಗಲ, ಗೆರೆಗಳು ಬಾಗುವುದಿಲ್ಲ, ಅಂಚಿನವರೆಗೂ ಚೂಪು. ಅಪರ್ಚರ್ ಮಾತ್ರ ಎಫ್/4.5, ಅಂದರೆ ಸೋನಾರ್ ಒಳಬಿಡುತ್ತಿದ್ದ ಬೆಳಕಿನ ಒಂಬತ್ತನೇ ಒಂದು ಭಾಗ. ಎರಡೂ ವಿದ್ಯೆಯಲ್ಲಿ ಪಾರಂಗತನಾದ ಒಬ್ಬನೇ ಮನುಷ್ಯನಿಗೂ ಎರಡನ್ನು ಒಂದೇ ಕೊಳವೆಯಲ್ಲಿ ಕೂರಿಸಲಾಗಲಿಲ್ಲ. ನಮ್ಮ ಅಂಗಡಿ ಹುಡುಗನ ನಗುವಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬಯೋಗಾನ್‌ಗೆ ಇನ್ನೊಂದು ಪೇಚಿತ್ತು. ಅದರ ಹಿಂದಿನ ಗಾಜು ಫಿಲ್ಮಿಗೆ ಅಂಟಿಕೊಂಡಷ್ಟು ಹತ್ತಿರ ಬರುತ್ತಿತ್ತು. ಆ ಹೊತ್ತಿಗೆ ಜನಪ್ರಿಯವಾಗುತ್ತಿದ್ದ ಎಸ್.ಎಲ್.ಆರ್. ಕ್ಯಾಮೆರಾಗಳಲ್ಲಿ ಅದೇ ಜಾಗದಲ್ಲಿ ಕನ್ನಡಿ ಓಡಾಡಬೇಕು. ಹಾಗಾಗಿ ಗಾಜನ್ನು ಹಿಂದಿನಿಂದ ದೂರ ಇಟ್ಟೂ ಅಗಲವಾಗಿ ಕಾಣುವ ತಲೆಕೆಳಗಿನ ವಿನ್ಯಾಸ ಬೇಕಾಯಿತು. ಸಿನಿಮಾದವರು ಟೆಕ್ನಿಕಲರ್ ಕ್ಯಾಮೆರಾದ ಪಟ್ಟಕಕ್ಕೆ ಜಾಗ ಬಿಡಲು 1930ರ ದಶಕದಲ್ಲೇ ಇದನ್ನು ಬಳಸಿದ್ದರು. ಸ್ಥಿರಚಿತ್ರಕ್ಕೆ 1950ರಲ್ಲಿ ಫ್ರಾನ್ಸಿನ ಪಿಯೆರ್ ಆಂಜೆನ್ಯೂ ತಂದು ರೆಟ್ರೋಫೋಕಸ್ ಎಂದು ಹೆಸರಿಟ್ಟ. ಕನ್ನಡಿಗಾಗಿ ತೆತ್ತ ಬೆಲೆ ತೂಕ ಮತ್ತು ಗಾತ್ರ. ಅಗಲದ ಲೆನ್ಸುಗಳ ಮುಂದಿನ ಗಾಜು ಗುಮ್ಮಟದಂತೆ ಉಬ್ಬಿದ್ದಕ್ಕೆ ಇದೂ ಒಂದು ಕಾರಣ.

1975ರ 'ಬ್ಯಾರಿ ಲಿಂಡನ್' ಚಿತ್ರದ ಮೇಣದಬತ್ತಿಯ ದೃಶ್ಯಗಳ ಕಥೆ ಸಿನಿಮಾ ವಿದ್ಯಾರ್ಥಿಗಳಿಗೆ ಬಾಯಿಪಾಠ. ನಾಸಾಕ್ಕಾಗಿ ಝೈಸ್ ಕಂಪನಿ ಮಾಡಿದ 50 ಮಿ.ಮೀ., ಎಫ್/0.7 ಲೆನ್ಸುಗಳಲ್ಲಿ ಮೂರನ್ನು ಸ್ಟ್ಯಾನ್ಲಿ ಕುಬ್ರಿಕ್ ಕೊಂಡ. ಎಡ್ ಡಿಜುಲಿಯೊ ಎಂಬ ತಂತ್ರಜ್ಞ ಕ್ಯಾಮೆರಾವನ್ನೇ ಕೊರೆದು ಅದನ್ನು ಕೂರಿಸಿಕೊಟ್ಟ. ಕಡಿಮೆ ಹೇಳಲಾಗುವ ಭಾಗವೊಂದಿದೆ. 50 ಮಿ.ಮೀ. ಕುಬ್ರಿಕ್‌ಗೆ ಸಾಲಲಿಲ್ಲ, ಕೋಣೆ ಬೇಕಿತ್ತು. ಮುಂದೆ ಇನ್ನೊಂದು ಗಾಜಿನ ಜೋಡಣೆ ಹಾಕಿ ಅದನ್ನು ಸುಮಾರು 36.5 ಮಿ.ಮೀ.ಗೆ ಇಳಿಸಿದರು. ಇನ್ನೂ ಅಗಲ ಮಾಡಿ 24ರ ಹತ್ತಿರಕ್ಕೂ ತಂದರು. ಆದರೆ ಅದರಲ್ಲಿ ಚಿತ್ರ ಸೊಟ್ಟಗಾಗುತ್ತದೆಂದು ಅವನು ಒಪ್ಪಲಿಲ್ಲ. ಎಫ್/0.7ರಲ್ಲಿ ಫೋಕಸ್ ಎಷ್ಟು ತೆಳುವೆಂದರೆ, ನಟರು ಮುಂದೆ ಬಾಗಿದರೆ ತಿಳಿಯಲೆಂದು ಪಕ್ಕದಿಂದ ಬೇರೊಂದು ಟಿ.ವಿ. ಕ್ಯಾಮೆರಾ ಇಟ್ಟು ಅಳೆಯುತ್ತಿದ್ದರು. ಆ ದೃಶ್ಯಗಳಲ್ಲಿ ಯಾರೂ ಹೆಚ್ಚು ಅಲುಗುವುದಿಲ್ಲ. ಅದನ್ನು ಹದಿನೆಂಟನೆಯ ಶತಮಾನದ ಗಾಂಭೀರ್ಯ ಎಂದು ಹೊಗಳುತ್ತೇವೆ. ಅದರಲ್ಲಿ ಲೆನ್ಸಿನ ಪಾಲೂ ಇದೆ ಎಂದು ನನ್ನ ಅನುಮಾನ.

ಅದೇ 1975ರಲ್ಲಿ ಕ್ಯಾನನ್ 24 ಮಿ.ಮೀ., ಎಫ್/1.4 ಲೆನ್ಸನ್ನು ಮಾರಾಟಕ್ಕೆ ತಂದಿತು. ಗೋಳದ ತುಂಡಿನಂತಲ್ಲದೆ ಅಂಚಿಗೆ ಹೋದಂತೆ ಬಾಗು ಬದಲಾಗುವ ಗಾಜು ಅದರ ಗುಟ್ಟು. ಅಲ್ಲಿಂದ ಮುಂದಿನದು ನಿಧಾನದ ಪಯಣ. 2017ರಲ್ಲಿ ಸಿಗ್ಮಾ 14 ಮಿ.ಮೀ., ಎಫ್/1.8 ತಂದಾಗ ಅದರ ತೂಕ ಒಂದು ಕಿಲೋ ದಾಟಿತ್ತು. 2021ರಲ್ಲಿ ಸೋನಿಯ ಅದೇ ಅಳತೆಯ ಲೆನ್ಸು 460 ಗ್ರಾಂಗೆ ಇಳಿಯಿತು. ಆ ಹೊತ್ತಿಗೆ ಕ್ಯಾಮೆರಾಗಳಿಂದ ಕನ್ನಡಿ ಮಾಯವಾಗಿ, ಹಿಂದಿನ ಗಾಜು ಮತ್ತೆ ಬೆರ್ಟೆಲೆಯ ಕಾಲದ ಹಾಗೆ ಹತ್ತಿರ ಬರಬಹುದಿತ್ತು. ಪೂರ್ತಿ ಅಲ್ಲ, ಡಿಜಿಟಲ್ ಸೆನ್ಸರಿಗೆ ತೀರಾ ಓರೆ ಬೆಳಕು ಆಗದು.

ಅಂತೂ ಎರಡೂ ಬೇಕು ಎಂದ ನನ್ನ ಮುಂದೆ ಈಗ ಎರಡೂ ಇದ್ದವು. ಹಾಗಾದರೆ 14 ಮಿ.ಮೀ. ತಂದುಬಿಡುವುದೇ? ಕಾಗದ ಹಿಡಿದು ಕೂತೆ. ನಾಲ್ಕು ಮೀಟರ್ ದೂರದಿಂದ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 14 ಮಿ.ಮೀ. ಲೆನ್ಸು 10 ಮೀಟರಿಗೂ ಹೆಚ್ಚು ಅಗಲ ಕಾಣುತ್ತದೆ. ರಂಗಸ್ಥಳದ ಜೊತೆಗೆ ಜನರೇಟರಿನ ವಯರು, ಮುಂದೆ ಚಾಪೆಯಲ್ಲಿ ಮಲಗಿದ ಮಕ್ಕಳು ಎಲ್ಲ ಬರುತ್ತಾರೆ. ಮುಖ್ಯವಾಗಿ, ತುದಿಯಲ್ಲಿ ನಿಂತವರ ಮುಖ ಇದ್ದುದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಅಗಲವಾಗಿ ಎಳೆದಂತಾಗುತ್ತದೆ. ಆ ತುದಿಯಲ್ಲಿ ನಿಲ್ಲುವವರೇ ಚಂಡೆಯವರು, ನನಗೆ ಬೇಕಾದದ್ದು ಅವರ ಕೈ. 20 ಮಿ.ಮೀ. ಎಫ್/1.8 ಆದರೆ ಅಗಲ ಏಳು ಮೀಟರ್, ಎಳೆತ ಮೂರನೇ ಒಂದು ಭಾಗದಷ್ಟು. ನಾಲ್ಕು ಮೀಟರಿಗೆ ಫೋಕಸ್ ಇಟ್ಟರೆ ಸುಮಾರು ಎರಡೂವರೆಯಿಂದ ಎಂಟೂವರೆ ಮೀಟರ್ ತನಕ ಸ್ಪಷ್ಟ. ನನ್ನ ಹಳೆಯ 50 ಮಿ.ಮೀ. ಲೆನ್ಸು ಅದೇ ಎಫ್/1.8ರಲ್ಲಿ ಅದೇ ದೂರಕ್ಕೆ ಕೊಡುವುದು ಒಂದು ಮೀಟರೂ ಇಲ್ಲ. ಸಾಲೊಮೊನ್‌ಗೂ ಕುಬ್ರಿಕ್‌ಗೂ ಸಿಗದ ಆಳ ಇದು, ಅಗಲದ ಜೊತೆ ಪುಕ್ಕಟೆಯಾಗಿ ಬರುತ್ತದೆ.

20 ಮಿ.ಮೀ. ತಂದೆ. ಶಟರ್ 1/50ಕ್ಕೆ ನಿಲ್ಲಿಸಿದೆ, ಇಲ್ಲದಿದ್ದರೆ ನಮ್ಮ 50 ಹರ್ಟ್ಸ್ ಕರೆಂಟಿನ ದೀಪಗಳು ಚಿತ್ರದಲ್ಲಿ ಪಟ್ಟೆ ಎಳೆಯುತ್ತವೆ. ಅಪರ್ಚರನ್ನು ಎಫ್/2ಕ್ಕೆ ತಂದು, ಫೋಕಸ್ ಉಂಗುರಕ್ಕೆ ಟೇಪು ಸುತ್ತಿ ಕೂತೆ. ಈ ಸಲದ ಭಾಗವತರು ಹಿಂದಿನವರ ಶಿಷ್ಯ. ಮೂರು ಗಂಟೆ ದಾಟಿದ ಮೇಲೆ, ಕಳೆದ ಸಲದ್ದೇ ಪದ್ಯ ಬಂತು. ವೇಷಧಾರಿಯ ಕಾಲು ಮುಂದೆ, ಭಾಗವತರು ಹಿಂದೆ, ಎಡತುದಿಯಲ್ಲಿ ಚಂಡೆಯವರು. ಬಿಡ್ತಿಗೆಗೆ ಅರ್ಧ ಆವರ್ತ ಇರುವಾಗ ಭಾಗವತರ ಕತ್ತು ಎಡಕ್ಕೆ ಹೊರಳುವುದು ಕಾಣುತ್ತದೆ. ಚಂಡೆಯವರ ಮೋರೆ ಕೊಂಚ ಅಗಲವಾಗಿದೆ. ಕೈ ಸ್ಪಷ್ಟವಾಗಿದೆ.