ಪಾರಿಜಾತದ ನಟಿ: ಹಾಡು, ಹೆಜ್ಜೆ, ಮಾತು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಬಯಲಿನಲ್ಲಿವೆ. ಇಲ್ಲಿಯ ಜನ ಹಾಡುನಾಟಕವನ್ನು ಕನ್ನಡ, ಮರಾಠಿ ಎರಡು ಭಾಷೆಗಳಲ್ಲೂ ಸವಿದವರು. ಕನ್ನಡದಲ್ಲಿ ಇಲ್ಲಿ ಹೆಚ್ಚು ಒಲಿದ ಹಾಡುನಾಟಕ ಶ್ರೀಕೃಷ್ಣ ಪಾರಿಜಾತ. ಅದನ್ನು ಹೊತ್ತು ನಡೆಸಿದವರಲ್ಲಿ ನಟಿಯರ ಪಾಲು ದೊಡ್ಡದು.

ಆಟದ ಸ್ವರೂಪ

ಪಾರಿಜಾತ ಸಣ್ಣಾಟದ ಬಗೆ. ದೊಡ್ಡಾಟದ ಅಬ್ಬರದ ವೇಷ, ಯುದ್ಧ, ಕುಣಿತ ಇದರಲ್ಲಿಲ್ಲ. ಪಾತ್ರಗಳು ಕೆಲವೇ, ಹಾರ್ಮೋನಿಯಂ, ತಬಲಾ, ತಾಳಗಳ ಹಿಮ್ಮೇಳ. ಅಪರಾಳ ತಮ್ಮಣ್ಣನ ಕೃತಿಯನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿದನೆಂಬುದು ಪರಂಪರೆಯ ಮಾತು. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ, ಕೃಷ್ಣ ಆಕೆಯನ್ನು ಒಲಿಸಿಕೊಳ್ಳಬೇಕು. ಕಥೆ ಇಷ್ಟೇ. ಬೆಳಗಿನ ಜಾವದವರೆಗೆ ಜನ ಕೂತು ನೋಡುವುದು ಆ ಮುನಿಸನ್ನು. ಆಂಧ್ರದ ಕೂಚಿಪುಡಿಯ ಭಾಮಾಕಲಾಪಕ್ಕೂ ಇದೇ ಸತ್ಯಭಾಮೆ ನಾಯಕಿ. ಆದರೆ ಅಲ್ಲಿ ನೃತ್ಯದ ಶಾಸ್ತ್ರ ಮುಂದು. ಇಲ್ಲಿ ಬಾಯಿಮಾತು ಮುಂದು.

ನಟಿಯ ಕೆಲಸ

ಪದಗಳು, ಎಂದರೆ ಹಾಡುಗಳು, ಮೊದಲೇ ಕಟ್ಟಿದವು, ಕಂಠಪಾಠದವು. ನಡುವಿನ ಮಾತು ಬಹುಮಟ್ಟಿಗೆ ಬರೆದಿಟ್ಟದ್ದಲ್ಲ. ಆಟದ ಆರಂಭದಲ್ಲಿ ಗೊಲ್ಲತಿಯಾಗಿ ಬರುವವಳು ಆಟ ನಡೆಸುವ ಭಾಗವತನ ಜತೆ ಜಗಳಕ್ಕಿಳಿಯಬೇಕು: ಅವನು ಕೆಣಕುತ್ತಾನೆ, ಇವಳು ಬಿಡುವುದಿಲ್ಲ. ಆ ಊರಿನ ಬೆಳೆ, ಬೆಲೆ, ಮದುವೆ, ಚುನಾವಣೆ ಏನು ಬೇಕಾದರೂ ಮಾತಿನೊಳಗೆ ಬಂದೀತು. ಮುನಿದು ಬಾಗಿಲು ಹಾಕಿಕೊಂಡ ಭಾಮೆಯ ಮುಂದೆ ಕೃಷ್ಣ ನಿಂತು ಬೇಡುವ ಭಾಗದಲ್ಲಿ ಇದಕ್ಕಿಂತ ಬೇರೆಯದೇ ಸಾಮರ್ಥ್ಯ ಬೇಕು. ಅವನ ಪ್ರತಿ ಮಾತಿಗೂ ಚುಚ್ಚುವ ಉತ್ತರ ಹುಟ್ಟಬೇಕು, ಆ ಉತ್ತರ ಶ್ರುತಿ ತಪ್ಪದೆ ಪದಕ್ಕೆ ಸೇರಬೇಕು, ಪದ ಮುಗಿಯುವಾಗ ಗೆಜ್ಜೆಯ ಹೆಜ್ಜೆ ತಬಲಾದ ಮುಕ್ತಾಯದ ಮೇಲೆ ಬೀಳಬೇಕು. ಹಿಂದೂಸ್ತಾನಿ ರಾಗಗಳ ಛಾಯೆಯ ಈ ಹಾಡಿಕೆಗೆ ಕಲಿತ ಕಂಠವೂ ಬೇಕು.

ಇಷ್ಟೆಲ್ಲ ಮಾಡುವವಳನ್ನು ಪಾತ್ರಧಾರಿ ಎಂದಷ್ಟೇ ಕರೆಯುವುದು ನ್ಯಾಯವಲ್ಲ. ಪ್ರತಿ ರಾತ್ರಿ ಅರ್ಧ ನಾಟಕವನ್ನು ಅವಳೇ ಕಟ್ಟುತ್ತಾಳೆ. ಕೃತಿಕಾರನ ಹೆಸರು ಉಳಿದಷ್ಟು ಅವಳದು ಉಳಿಯದಿರುವುದು ನಮ್ಮ ರಂಗಚರಿತ್ರೆಯ ದೊಡ್ಡ ಕೊರತೆ.

ರಂಗಕ್ಕೆ ಬಂದ ಹೆಣ್ಣು

ಬಹುಕಾಲ ಭಾಮೆ, ರುಕ್ಮಿಣಿ ಪಾತ್ರಗಳು ಗಂಡಸರ ಕೈಯಲ್ಲಿದ್ದವು. ಹೆಂಗಸರು ಬಂದ ಕಥೆಯಲ್ಲಿ ಮುಂಚೂಣಿಯ ಹೆಸರು ಕೌಜಲಗಿ ನಿಂಗಮ್ಮ. ರಾಯಬಾಗ, ಚಿಕ್ಕೋಡಿಗಳಿಗೆ ದೂರವಲ್ಲದ ಗೋಕಾಕ ಸೀಮೆಯ ಊರು ಕೌಜಲಗಿ. ನಿಂಗಮ್ಮ ನಟಿಸಿದ್ದಲ್ಲದೆ ಮೇಳವನ್ನೂ ನಡೆಸಿದರು.

ಹೀಗೆ ಬಂದವರಲ್ಲಿ ಅನೇಕರು ದೇವದಾಸಿ ಮನೆತನದವರು. ಹಾಡು, ಕುಣಿತ ಕಲಿಯಲು ಅವಕಾಶವಿದ್ದದ್ದು ಆ ಮನೆಗಳಲ್ಲಿ. ಕಲಿತದ್ದಕ್ಕೆ ಕಳಂಕ ಅಂಟಿದ್ದೂ ಅಲ್ಲಿಯೇ. ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಕಾನೂನು ಬಂತು. ಬರಲೇಬೇಕಾಗಿದ್ದ ಕಾನೂನು ಅದು. ಅದರ ಜತೆಗೇ ಈ ಹೆಂಗಸರ ವಿದ್ಯೆಗೆ ಗೌರವದ ಬೇರೊಂದು ನೆಲೆಯನ್ನೂ ಕಟ್ಟಿಕೊಡಬೇಕಿತ್ತು.

ಮರಾಠಿ ನೆರೆ

ಕಾಗವಾಡದಿಂದ ಮಹಾರಾಷ್ಟ್ರದ ಮಿರಜ ಕೂಗಳತೆಯಲ್ಲಿದೆ, ಮರಾಠಿ ರಂಗವೂ ಇಲ್ಲಿಗೆ ದೂರದ್ದಲ್ಲ. 1880ರಲ್ಲಿ 'ಶಾಕುಂತಲ' ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಹೊಸ ದಾರಿ ಮಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1843ರಲ್ಲಿ. ಆ ರಂಗದ ಅತಿ ಪ್ರಸಿದ್ಧ 'ನಾಯಕಿ' ಬಾಲಗಂಧರ್ವರು ಗಂಡಸು. ಮುಂದೆ ಅವರ ಕಂಪನಿಯಲ್ಲೇ ನಾಯಕಿಯಾಗಿ ನಿಂತವರು ಬೀಳಗಿಯಿಂದ ಹೋದ ಗೋಹರಬಾಯಿ ಕರ್ನಾಟಕಿ. ಅವರ ಸಹೋದರಿ ಅಮೀರಬಾಯಿ ಹಿಂದಿ ಚಿತ್ರಗಳ ಹಿನ್ನೆಲೆ ಗಾಯಕಿಯಾದರು. ಕನ್ನಡದ ಕಂಪನಿ ನಾಟಕದಲ್ಲಿ ಲಕ್ಷ್ಮೀಬಾಯಿ ಏಣಗಿಯಂಥವರು ಹಾಡು, ನಟನೆ ಎರಡರಲ್ಲೂ ಹೆಸರಾದರು. ಅವರ ಪತಿ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ ಉತ್ತರ ಕರ್ನಾಟಕದಾದ್ಯಂತ ತಿರುಗಿತು. ನಿಪ್ಪಾಣಿಯ ಕಡೆ ತಮಾಷಾ, ಲಾವಣಿಗಳ ಆಕರ್ಷಣೆಯೂ ಇತ್ತು.

ಹಂಗಾಮು ಮತ್ತು ಗಳಿಕೆ

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಮೇಳಗಳಿಗೆ ಬಿಡುವಿಲ್ಲ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ, ಅಥಣಿ ತಾಲ್ಲೂಕಿನ ಕೊಕಟನೂರು ಯಲ್ಲಮ್ಮನ ಜಾತ್ರೆ ಈ ಭಾಗದ ದೊಡ್ಡ ಜನಕೂಟಗಳು. ಊರಿನವರು ಮುಂಗಡ ಕೊಟ್ಟು ಆಟ ಗೊತ್ತುಮಾಡುತ್ತಾರೆ. ಇದಲ್ಲದೆ ಆಯೇರಿ ಇದೆ: ಮೆಚ್ಚಿದವನು ನೋಟು ಕೊಡುತ್ತಾನೆ, ಆಟ ಅಲ್ಲಿಗೆ ನಿಂತು ಕೊಟ್ಟವನ ಹೆಸರು ಕೂಗಿ ಹೇಳಲಾಗುತ್ತದೆ. ಭಾಮೆ ಅಳುವಿನ ಅಂಚಿನಲ್ಲಿದ್ದಾಗ ಆಯೇರಿ ಬಂದರೂ ನಟಿ ನಗುಮುಖದಿಂದ ಕೈಮುಗಿದು, ಮರುಕ್ಷಣ ಅದೇ ಅಳುವಿಗೆ ಮರಳಬೇಕು. ಈ ಕೌಶಲವನ್ನು ಯಾವ ನಾಟಕ ಶಾಲೆಯೂ ಕಲಿಸುವುದಿಲ್ಲ.

ಮಳೆಗಾಲದಲ್ಲಿ ಆಟವಿಲ್ಲ, ಆದಾಯವೂ ಇಲ್ಲ. ದನಿ ಒಡೆದ ಮೇಲೆ ನಟಿಯೊಬ್ಬಳು ಕಿರಿಯರಿಗೆ ಪದ ಕಲಿಸುತ್ತಾಳೆ, ಇಲ್ಲವೆ ಸರ್ಕಾರದ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುತ್ತಾಳೆ. ಬಾಗಲಕೋಟೆಯಲ್ಲಿ ಈಗ ಬಯಲಾಟ ಅಕಾಡೆಮಿ ಇದೆ. ಹಿರಿಯ ನಟಿಯರು ಗೊಲ್ಲತಿಯ ಜಗಳವನ್ನು, ಭಾಮೆಯ ಬಾಗಿಲ ಮಾತನ್ನು ಆಡಿ ತೋರಿಸುವಾಗ ಇಡೀ ರಾತ್ರಿಯ ಆಟವನ್ನೇ ಧ್ವನಿಮುದ್ರಿಸಿಡುವ ಕೆಲಸ ತುರ್ತಾಗಿ ಆಗಬೇಕಿದೆ. ಪದಗಳು ಅಚ್ಚಿನಲ್ಲಿ ಸಿಗುತ್ತವೆ, ಅವರ ಮಾತು ಸಿಗುವುದಿಲ್ಲ.